ಹೋಗುವ ಮುಂಚೆಯೇ ಬರೆದ ಶರಾ

ಕಬ್ಬಿನ ಸೋಗೆ ಸುಟ್ಟ ವಾಸನೆ ಬಂದರೆ ನನ್ನ ನಾಲಿಗೆ ತಾನಾಗಿಯೇ ಮೇಲುಸಾಲಿನ ಎಡಗಡೆಗೆ ಹೋಗುತ್ತದೆ. ಅಲ್ಲಿ ಎರಡು ಹಲ್ಲಿಲ್ಲ. ಕಳೆದ ತಿಂಗಳು ಹೊಸಹೊಳಲಿನಲ್ಲಿ ನನ್ನ ಹೆಂಡತಿಯ ಅಕ್ಕನ ಮಗಳಿಗೆ ಸೀಮಂತ. ಊಟ ಮುಗಿಸಿ, ಬಾಯಿಗೆ ಎಲೆಅಡಿಕೆ ಹಾಕಿಕೊಂಡು ಸ್ಕೂಟರ್ ಹತ್ತಿ ಊರು ದಾಟಿದೆವೋ ಇಲ್ಲವೋ, ಗಾಳಿ ಆ ವಾಸನೆಯನ್ನು ತಂದು ಮುಖಕ್ಕೆ ಎರಚಿತು. ಗಾಡಿ ನಿಲ್ಲಿಸಿಬಿಟ್ಟೆ.

"ಯಾಕ್ ನಿಲ್ಸುದ್ರಿ, ಪೆಟ್ರೋಲ್ ಆಗೋಯ್ತಾ?" ಅಂದಳು ಹಿಂದೆ ಕೂತಿದ್ದ ಹೆಂಡತಿ.

"ಇಲ್ಲ ಕಣೆ. ಬಾಯಾಗೆ ರಕ್ತ ಬಂದಂಗಾಯ್ತು."

"ಅದು ಎಲೆಅಡಿಕೆ" ಅಂದಳು. ಆಮೇಲೆ ಅವಳೇ ಹೇಳಿದಳು: "ಸಿಂಧಘಟ್ಟದ ಕಡೀಕೆ ತಿರುಗ್ಸಿ. ಆ ಯಮ್ಮ ಬದುಕವ್ಳೋ ಇಲ್ವೋ ನೋಡ್ಕಂಡೇ ಓಗಾನ. ಇಲ್ದಿದ್ರೆ ನೀವು ಇನ್ನೊಂದ್ ತಿಂಗ್ಳು ನನ್ ತಲೆ ತಿಂತೀರಿ."

ನಾನು ಅಮೀನನಾಗಿದ್ದವನು, ಕೋರ್ಟಿನ ಅಮೀನ. ಹಾಗಂದರೆ ಏನೆಂದು ಈಗಿನವರಿಗೆ ಬಿಡಿಸಿಯೇ ಹೇಳಬೇಕು. ಜಡ್ಜು ಸಾಹೇಬರು 'ಈ ಜಮೀನು ಇವಳದು' ಎಂದು ಬರೆದು, ಸಹಿ ಹಾಕಿ, ಎದ್ದು ಊಟಕ್ಕೆ ಹೋಗುತ್ತಾರೆ. ಆ ಜಮೀನಿಗೆ ಹೋಗಿ, ಅದರಲ್ಲಿ ಬೇರುಬಿಟ್ಟು ಕೂತವನನ್ನು ಎಬ್ಬಿಸಿ, ಗೆದ್ದವಳನ್ನು ಕೂರಿಸಿ ಬರಬೇಕಾದವನು ಅಮೀನ. ದಿಲ್ಲಿಯ ಸುಪ್ರೀಂ ಕೋರ್ಟಾದರೂ ಅಷ್ಟೆ, ಅದಕ್ಕೇನು ಬೇರೆ ಕಾಲಿಲ್ಲ. ಅಲ್ಲಿ ಎಂಥ ಘಟಾನುಘಟಿ ವಕೀಲರು ವಾದ ಮಾಡಿರಲಿ, ಆ ಕಾಗದ ಬೆಂಗಳೂರಿಗೆ, ಅಲ್ಲಿಂದ ಜಿಲ್ಲೆಗೆ, ಅಲ್ಲಿಂದ ನಮ್ಮ ತಾಲ್ಲೂಕು ಕೋರ್ಟಿಗೆ ಇಳಿದಿಳಿದು ಬಂದು ಕೊನೆಗೆ ನನ್ನ ರೆಕ್ಸಿನ್ ಬ್ಯಾಗಿಗೆ ಬೀಳಬೇಕು. ನಾನೊಬ್ಬ ಹೋದರೂ ಆಗುವುದಿಲ್ಲ. ಅಳೆಯಲು ಸರ್ವೆಯರ್ ಬರಬೇಕು. 'ನಮ್ಮ ಕಣ್ಣೆದುರೇ ನಡೆಯಿತು' ಎಂದು ಮಹಜರಿಗೆ ಸಹಿ ಹಾಕಲು ಊರಿನವರು ಇಬ್ಬರಾದರೂ ಸಿಗಬೇಕು. ಇಂಥವರಿಗೆ ಸ್ವಾಧೀನ ಕೊಟ್ಟಿದೆ ಎಂದು ಊರಿಗೆ ಸಾರಲು ತಮಟೆಯವನು ಬೇಕು. ಗಲಾಟೆಯಾಗುವಂತಿದ್ದರೆ ಪೋಲೀಸರು ಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ನಮ್ಮ ದೇವರಿಗೆ ಪೂಜಾರಿಗಳೇ ಐದಾರು ಜನ. ಒಬ್ಬ ಮುನಿಸಿಕೊಂಡರೂ ವರ ದಾರಿಯಲ್ಲೇ ಉಳಿಯುತ್ತದೆ.

ಚಿಕ್ಕತಾಯಮ್ಮನ ಕಾಗದ ನನ್ನ ಬ್ಯಾಗಿಗೆ ಬಿದ್ದದ್ದು ಕೆಲವು ವರ್ಷದ ಹಿಂದೆ, ಒಂದು ಭಾದ್ರಪದದಲ್ಲಿ. ಊರಿನ ಹೆಸರು ಬೇಡ. ಸಿಂಧಘಟ್ಟ ದಾಟಿ ಎಡಕ್ಕೆ ತಿರುಗಿದರೆ ಸಿಗುತ್ತದೆ, ಅಷ್ಟು ಸಾಕು. ಗಂಡ ಸತ್ತ ಮೇಲೆ ತವರಿಗೆ ಬಂದವಳನ್ನು ಅಣ್ಣ ಬೋರೇಗೌಡ ಮೂರನೇ ತಿಂಗಳಿಗೇ ಆಚೆಗೆ ಹಾಕಿದ್ದ. ಅಪ್ಪನ ಜಮೀನಿನಲ್ಲಿ ನನಗೂ ಪಾಲಿದೆ ಎಂದು ಅವಳು ದಾವಾ ಹಾಕಿದಾಗ ಅವಳ ತಲೆಯಲ್ಲಿ ಒಂದು ಬಿಳಿಕೂದಲಿರಲಿಲ್ಲ. ಕೆಳಗಿನ ಕೋರ್ಟಿನಲ್ಲಿ ಗೆದ್ದಳು, ಅಣ್ಣ ಮೇಲಕ್ಕೆ ಹೋದ. ಅಲ್ಲೂ ಗೆದ್ದಳು, ಅವನು ಇನ್ನೂ ಮೇಲಕ್ಕೆ ಹೋದ. ಮೂವತ್ತು ವರ್ಷಕ್ಕೆ ದಿಲ್ಲಿಯಲ್ಲಿ ಅವನ ಅಪೀಲು ಬಿದ್ದುಹೋದಾಗ ಇವಳಿಗೆ ಅರವತ್ತು ದಾಟಿತ್ತು, ಕೆ.ಆರ್. ಪೇಟೆಯ ಒಂದು ಹಾಸ್ಟೆಲಿನಲ್ಲಿ ಮುದ್ದೆ ತಿರುವುವ ಕೆಲಸದಲ್ಲಿದ್ದಳು. ಪಾಲು ಬಂದದ್ದು ಒಂದೂವರೆ ಎಕರೆ. ಅದರ ಮೂಡಲ ಮೂಲೆಯಲ್ಲಿ ಅವಳ ಅವ್ವನನ್ನು ಮಣ್ಣು ಮಾಡಿದ ಗುಡ್ಡೆಯಿತ್ತು. ಮಹಾಲಯಕ್ಕೆ ಆ ಗುಡ್ಡೆಗೆ ಒಂದು ಎಡೆ ಇಡಲೂ ಅಣ್ಣ ಅವಳನ್ನು ಒಳಕ್ಕೆ ಬಿಟ್ಟಿರಲಿಲ್ಲ.

"ಈ ಸತಿ ಅಮಾಸೆಗೆ ನನ್ ಒಲ್ದಾಗೇ ನಿಂತ್ಕಂಡು ಎಡೆ ಇಕ್ತೀನಿ ಕಣಪ್ಪ ಅಮೀನಪ್ಪ" ಅಂದಳು, ಸ್ವಾಧೀನ ಕೊಡಿಸುವ ವಾರಂಟು ನನ್ನ ಕೈಗೆ ಬಂದ ದಿನ. ಅಮಾವಾಸ್ಯೆಗೆ ಇನ್ನು ಹನ್ನೊಂದು ದಿನವಿತ್ತು.

ಆ ವರ್ಷ ಮಳೆ ಕೈಕೊಟ್ಟಿತ್ತು. ಅಣೆಕಟ್ಟೆ ತುಂಬಿರಲಿಲ್ಲ. ಅಂಥದ್ದರಲ್ಲಿ ಹೊಳೆಯ ಕೆಳಗಿನ ರಾಜ್ಯದವರಿಗೆ ನೀರು ಬಿಡಿ ಎಂದು ದಿಲ್ಲಿಯಿಂದ ಆದೇಶ ಬಂತು. ನಮ್ಮ ಕಡೆ ಬೆಂಕಿ ಬಿದ್ದ ಹಾಗಾಯಿತು. ಶ್ರೀರಂಗಪಟ್ಟಣದ ಹೆದ್ದಾರಿಯಲ್ಲಿ ಟೈರು ಉರಿದವು, ಬಸ್ಸಿನ ಗಾಜು ಒಡೆದವು, ಯಾರದೋ ಲಾರಿ ಬೂದಿಯಾಯಿತು. ಭಾನುವಾರ ನಮ್ಮ ಪಾಂಡವಪುರದಲ್ಲೂ ಮೆರವಣಿಗೆ. ನನ್ನದೂ ಕಾಲುವೆ ಕೆಳಗೆ ಮೂವತ್ತು ಗುಂಟೆ ಇದೆ, ಭತ್ತದ ಪೈರು ಒಣಗುತ್ತಿತ್ತು. ಸರ್ಕಾರಿ ನೌಕರ ಎಂಬುದನ್ನು ಮನೆಯಲ್ಲೇ ಬಿಟ್ಟು ಹೋಗಿ ಗುಂಪಿನಲ್ಲಿ ನಿಂತು ನಾನೂ ಗಂಟಲು ಹರಿಯುವ ಹಾಗೆ ಕೂಗಿದೆ, ದಿಲ್ಲಿ ಆರ್ಡರು ಒಪ್ಪೋದಿಲ್ಲ ಅಂತ. ಆದೇಶದ ನಕಲು ಸುಟ್ಟರು, ನಾನೂ ಒಂದು ಹಾಳೆ ಹಾಕಿದೆ. ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ನಾನು ಅದನ್ನು ಗಮನಿಸಲಿಲ್ಲ.

ಬುಧವಾರ ಬೆಳಿಗ್ಗೆ ನಾನೂ ಚಿಕ್ಕತಾಯಮ್ಮನೂ ಅವಳ ಜಮೀನಿಗೆ ಹೊರಟೆವು. ಸಿಂಧಘಟ್ಟದ ಟೀ ಅಂಗಡಿಯಲ್ಲಿ ಸರ್ವೆಯರನಿಗೆ ಕಾಯುತ್ತ ಕೂತಾಗ ನಾನು ಬ್ಯಾಗಿನಿಂದ ಹಾಳೆ ತೆಗೆದು ಶರಾ ಬರೆದೆ. ಶರಾ ಅಂದರೆ ಅಮೀನ ತನ್ನ ಕೆಲಸ ಮುಗಿಸಿ ಕೋರ್ಟಿಗೆ ಕೊಡುವ ವರದಿ. ಕೆಲಸ ಮುಗಿಸಿ ಕೊಡುವುದು ನಿಯಮ. ನಾವು ಯಾರೂ ಹಾಗೆ ಮಾಡುತ್ತಿರಲಿಲ್ಲ. ಹೊಲದಲ್ಲಿ ಕೂತು ಬರೆಯಲು ಮೇಜಿದೆಯೇ, ಕುರ್ಚಿಯಿದೆಯೇ? ಇಂಕ್ ಪ್ಯಾಡಿಗೆ ಮಣ್ಣು ಬೀಳುತ್ತದೆ, ಕಾರ್ಬನ್ ಹಾಳೆ ಗಾಳಿಗೆ ಹಾರುತ್ತದೆ. ನನಗೆ ಕೆಲಸ ಕಲಿಸಿದವನೂ ಟೀ ಅಂಗಡಿಯಲ್ಲೇ ಬರೆಯುತ್ತಿದ್ದ, ಅವನಿಗೆ ಕಲಿಸಿದವನೂ ಹಾಗೇ. ಆದ್ದರಿಂದ ನಾನು ನಿರಾಳವಾಗಿ ಬರೆದೆ: 'ಈ ದಿನ ಸ್ಥಳಕ್ಕೆ ಹೋಗಿ, ಅಳತೆ ಮಾಡಿಸಿ, ನಾಲ್ಕು ಮೂಲೆಗೂ ಕಲ್ಲು ನೆಡಿಸಿ, ತಮಟೆ ಸಾರಿಸಿ, ಡಿಕ್ರಿದಾರಳಿಗೆ ಸ್ವಾಧೀನ ಕೊಟ್ಟಿದೆ. ಆಕೆ ಪಡೆದಿರುತ್ತಾಳೆ.' ಕೆಳಗೆ ನನ್ನ ಸಹಿ ಹಾಕಿ, ಗೆದ್ದ ಡಿಕ್ರಿದಾರಳಾದ ಚಿಕ್ಕತಾಯಮ್ಮನ ಕಡೆಗೆ ಪ್ಯಾಡು ತಳ್ಳಿದೆ.

"ಇನ್ನೂ ಓಗೇ ಇಲ್ವಲ್ಲಪ್ಪ" ಅಂದಳು.

"ಎಲ್ಲ ಇಂಗೇನೆ ಕಣವ್ವ ಮಾಡೋದು. ಒತ್ತು."

ಎಡಗೈ ಹೆಬ್ಬೆಟ್ಟನ್ನು ಮಸಿಗೆ ಅದ್ದಿ, ಮೇಲಿನ ಹಾಳೆಗೂ ಕಾರ್ಬನ್ ಪ್ರತಿಗೂ ದೇವರಿಗೆ ಕುಂಕುಮ ಇಡುವಂತೆ ಮೆಲ್ಲಗೆ ಒತ್ತಿದಳು. ಮಸಿಯನ್ನು ಸೆರಗಿಗೆ ಒರೆಸಿಕೊಳ್ಳದೆ ಹಾಗೇ ಬಿಟ್ಟುಕೊಂಡಳು.

ಹೊಲದಲ್ಲಿ ಕಬ್ಬು ಆಳುದ್ದ ನಿಂತಿತ್ತು. ಬೋರೇಗೌಡ ಬದುವಿನ ಮೇಲೆ ಟವೆಲ್ ಹಾಸಿಕೊಂಡು ಕೂತಿದ್ದ, ಜೊತೆಗೆ ಅವನ ಮಗ ರವಿ ಒಬ್ಬನೇ. ಇಬ್ಬರೇ ತಾನೆ ಅಂದುಕೊಂಡೆ. ಸರ್ವೆಯರ್ ಸರಪಳಿ ಬಿಚ್ಚಿದ. ತಮಟೆಯ ಕಾಳಯ್ಯ ಒಂದಿಷ್ಟು ಒಣಸೋಗೆಗೆ ಬೆಂಕಿ ಹಚ್ಚಿ ತಮಟೆ ಕಾಯಿಸಿಕೊಂಡ. ಚರ್ಮ ಕಾದು ಬಿಗಿಯಾಗದೆ ತಮಟೆಗೆ ನಾದವಿಲ್ಲ. ನಾನು ವಾರಂಟು ಓದಲು ಶುರು ಮಾಡಿದೆ, ಕಾಳಯ್ಯ ಮೊದಲ ಪೆಟ್ಟು ಹಾಕಿದ.

ಕಬ್ಬಿನೊಳಗಿಂದ ಕಲ್ಲು ಬಂದವು. ಕಲ್ಲಿನ ಹಿಂದೆ ಜನ ಬಂದರು, ಹತ್ತು ಹದಿನೈದು ಮಂದಿ, ಕೈಯಲ್ಲಿ ಗುದ್ದಲಿ ಕಾವು. ಸರ್ವೆಯರ್ ಒಂದು ಚಪ್ಪಲಿ ಬಿಟ್ಟು ಓಡಿದ. ರವಿ ಕುಡುಗೋಲು ಹಾಕಿ ತಮಟೆಯನ್ನು ನಡುವಿಗೆ ಸೀಳಿದ. ಕಾಳಯ್ಯ ಕೈ ಅಡ್ಡ ಕೊಟ್ಟಾಗ ಇನ್ನೊಬ್ಬ ಗುದ್ದಲಿ ಕಾವಿನಿಂದ ಆ ಮಣಿಕಟ್ಟಿಗೆ ಬಾರಿಸಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ನನ್ನ ಬೆನ್ನಿಗೆ ಒದ್ದರು. ಬಿದ್ದೆ. ಬೋರೇಗೌಡ ನನ್ನ ಎದೆಯ ಮೇಲೆ ಕೂತ. ದೂರದ ಬೀಗತನದಲ್ಲಿ ಅವನು ನನಗೆ ಮಾವನಾಗಬೇಕು, ಒಂದು ಮದುವೆಯಲ್ಲಿ ಒಂದೇ ಪಂಕ್ತಿಯಲ್ಲಿ ಉಂಡಿದ್ದೆವು.

"ಭಾನ್ವಾರ ಪಾಂಡವಪುರದಾಗೆ ದಿಲ್ಲಿ ಆರ್ಡ್ರು ಸುಟ್ಟೆಯಲ್ಲ, ನನ್ ಮಗ ವಿಡಿಯೋ ತೋರ್ಸ್ದ" ಅಂದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನಿನ್ ಗದ್ದೆಗಾದ್ರೆ ದಿಲ್ಲಿ ಬ್ಯಾಡ, ನನ್ ಒಲಕ್ಕಾದ್ರೆ ದಿಲ್ಲಿ ಬೇಕೇನ್ಲಾ? ಸುಡಾಕ್ ಬರ್ತದೆ, ತಿನ್ನಾಕ್ ಬರಾಕಿಲ್ವಾ? ತಿನ್ನು."

ವಾರಂಟನ್ನು ಮುದುರಿ ನನ್ನ ಬಾಯಿಗೆ ತುರುಕಿದ. ನಾನು ಹಲ್ಲು ಕಚ್ಚಿದೆ. ಮುಷ್ಟಿಯಲ್ಲಿ ಗುದ್ದಿದ, ಒಂದು ಸಲ, ಎರಡು ಸಲ. ಮೂರನೆಯದಕ್ಕೆ ಹಲ್ಲೂ ಕಾಗದವೂ ಒಟ್ಟಿಗೆ ಒಳಗೆ ಹೋದವು. ಸೀಲಿನ ಮಸಿ ಕಹಿ ಇರುತ್ತದೆ. ಅಗಿದೆ ಸ್ವಾಮಿ, ಏನು ಮಾಡಲಿ? ಹೆದರಿಕೆಗೆ ಉಚ್ಚೆ ಹೋಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ತಲೆ ಓರೆ ಮಾಡಿದಾಗ ಕಂಡದ್ದು, ಇಬ್ಬರು ಚಿಕ್ಕತಾಯಮ್ಮನನ್ನು ಜುಟ್ಟು ಹಿಡಿದು ಎಳೆದೊಯ್ಯುತ್ತಿದ್ದರು. ಅವಳು ಅಳಲಿಲ್ಲ, ಬೈಯಲಿಲ್ಲ. "ಅಣ್ಣ, ಅವ್ವನ ಗುಡ್ಡೆ ಮೇಲೆ ಕಾಲಿಕ್ಕಬ್ಯಾಡ ಅಂತೇಳು ಅವ್ರಿಗೆ" ಎನ್ನುತ್ತಲೇ ಇದ್ದಳು. ನನ್ನ ಬ್ಯಾಗನ್ನು ರವಿ ಹೆಗಲಿಗೆ ಹಾಕಿಕೊಂಡು ಹೋದ.

ಆಸ್ಪತ್ರೆಯ ಮಂಚದ ಮೇಲೆ, ದವಡೆಗೆ ಪಟ್ಟಿ ಕಟ್ಟಿಸಿಕೊಂಡು, ನಡೆದದ್ದನ್ನೆಲ್ಲ ಬರೆದು ಕೋರ್ಟಿಗೆ ಕಳಿಸಿದೆ. ಅಡ್ಡಿಪಡಿಸಿದರು, ಹೊಡೆದರು, ಸ್ವಾಧೀನ ಕೊಡಲಾಗಲಿಲ್ಲ. ಜಡ್ಜು ಮೇಡಂ ಮಾರನೆಯ ದಿನವೇ ಪೋಲೀಸ್ ರಕ್ಷಣೆಗೆ ಆದೇಶ ಮಾಡಿದರು. ಆ ಆದೇಶ ಹಿಡಿದು ಚಿಕ್ಕತಾಯಮ್ಮ ಠಾಣೆಗೆ ಹೋದರೆ ಅಲ್ಲಿ ಒಬ್ಬ ಹೆಡ್ ಕಾನ್‌ಸ್ಟೇಬಲ್, ಒಂದು ವೈರ್‌ಲೆಸ್ಸು.

"ಎಲ್ಲಾ ಕಟ್ಟೆ ತಾವ ಬಂದೋಬಸ್ತ್‌ಗೆ ಓಗವ್ರೆ ಕಣಮ್ಮ. ನೀರಿನ ಗಲಾಟೆ ತಣ್ಣಗಾದ್ಮೇಲೆ ಬಾ" ಅಂದನಂತೆ.

ದಿಲ್ಲಿಯ ಒಂದು ಆದೇಶ ಜಾರಿ ಮಾಡಲು ಜಿಲ್ಲೆಯ ಪೋಲೀಸೆಲ್ಲ ಹೋಗಿತ್ತು, ಆದ್ದರಿಂದ ದಿಲ್ಲಿಯ ಇನ್ನೊಂದು ಆದೇಶಕ್ಕೆ ಪೋಲೀಸಿರಲಿಲ್ಲ. ಇದನ್ನು ಕೇಳಿ ನಗು ಬಂತು, ನಕ್ಕರೆ ಹೊಲಿಗೆ ಎಳೆಯಿತು. ಅಮಾವಾಸ್ಯೆ ಬಂತು, ಹೋಯಿತು. ಗುಡ್ಡೆಗೆ ಎಡೆ ಬೀಳಲಿಲ್ಲ.

ಆಯುಧಪೂಜೆ ಕಳೆದು ಕೋರ್ಟು ತೆರೆದಾಗ ಬೋರೇಗೌಡನ ವಕೀಲ ಎದ್ದು ನಿಂತು ಒಂದು ಹಾಳೆ ಕೊಟ್ಟ. ಸಿಂಧಘಟ್ಟದ ಟೀ ಅಂಗಡಿಯಲ್ಲಿ ನಾನು ಬರೆದ ಶರಾದ ಕಾರ್ಬನ್ ಪ್ರತಿ, ರವಿ ಹೊತ್ತೊಯ್ದ ಬ್ಯಾಗಿನಲ್ಲಿದ್ದದ್ದು. ಪ್ರತಿವಾದಿಗೆ ಒಂದು ಪ್ರತಿ ಕೊಡುವುದು ಪದ್ಧತಿ, ಕೊಟ್ಟಿದ್ದಾರೆ, ಇಗೋ ಎಂದ. ಅಮೀನರ ಸಹಿ ಇದೆ, ಹೆಂಗಸಿನ ಹೆಬ್ಬೆಟ್ಟಿದೆ, ಜಮೀನು ಆವತ್ತೇ ಅವಳ ವಶಕ್ಕೆ ಹೋಗಿದೆ, ಆದೇಶ ಪಾಲನೆಯಾಗಿದೆ, ಅರ್ಜಿ ಮುಗಿಸಿಬಿಡಿ. ಆಮೇಲೆ ಅವಳು ಬಿಟ್ಟುಹೋದರೆ ನನ್ನ ಕಕ್ಷಿದಾರ ಏನು ಮಾಡಬೇಕು? ಹಲ್ಲು ಮುರಿದದ್ದು ಬೇರೆ ಜಗಳವಂತೆ, ಆ ಸಂಜೆ ಕುಡಿದು ಆಡಿದ್ದಂತೆ.

ಮೇಡಂ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡರು. ಎರಡೂ ನನ್ನದೇ ಅಕ್ಷರ. ಒಂದು ವಾರ ಟೈಮು ಕೊಟ್ಟು, ಖುದ್ದು ಬಂದು ಕಟಕಟೆ ಹತ್ತಿ ಹೇಳಲಿ ಅಂದರು.

ಆ ವಾರ ನನಗೆ ಹಿತ ಹೇಳದವರಿಲ್ಲ. "ಆಸ್ಪತ್ರೇಲಿ ಜ್ವರದ ತಲೇಲಿ ಬರ್ದುಬುಟ್ಟೆ, ಮೊದ್ಲು ಬರ್ದದ್ದೇ ನಿಜ ಅಂದ್ಬುಡಲೇ" ಅಂದ ನಮ್ಮ ಆಫೀಸಿನ ನಾಜರ್, ಅಮೀನರಿಗೆಲ್ಲ ಮೇಲಿನವನು. "ಇಲ್ದಿದ್ರೆ ಸುಳ್ಳು ದಾಖಲೆ ಸೃಷ್ಟಿ ಮಾಡ್ದ ಅಂತ ನಿನ್ನೇ ಒಳಗಾಕ್ತಾರೆ. ರಿಟೈರಾಗಾಕೆ ಎರಡು ವರ್ಷ ಐತೆ ಕಣ್ಲಾ ನಿಂಗೆ. ಆ ಮುದುಕಿ ನಿಂಗೇನಾಗ್ಬೇಕು?" ನನಗೂ ಹಾಗೇ ಅನ್ನಿಸಿತ್ತು. ಸುಳ್ಳು ಯಾಕೆ ಹೇಳಲಿ, ನನ್ನ ಮೈ ಉಳಿದರೆ ಸಾಕಾಗಿತ್ತು. ಹೆಂಡತಿ ಮಾತ್ರ ಮೂರು ದಿನ ಮೆತ್ತಗೆ ಗಂಜಿ ಮಾಡಿ ಹಾಕಿದಳು.

ಶುಕ್ರವಾರ ಮಧ್ಯಾಹ್ನ ಚಿಕ್ಕತಾಯಮ್ಮ ಬಸ್ಸಿಳಿದು ಮನೆ ಹುಡುಕಿಕೊಂಡು ಬಂದಳು. ಒಳಗೆ ಕರೆದರೆ ಬರಲಿಲ್ಲ, ಜಗಲಿಯ ಮೇಲೆ ಕೂತಳು. ಜುಟ್ಟು ಕಿತ್ತ ಜಾಗದಲ್ಲಿ ನೆತ್ತಿ ಬೋಳಾಗಿ ಹಕ್ಕಳೆ ಕಟ್ಟಿತ್ತು.

"ಕಾಗ್ದದಾಗೆ ನಂಗೆ ಜಮೀನು ಬಂದೈತಂತೆ" ಅಂದಳು. "ಎಲ್ಲೈತೆ, ತೋರ್ಸು ಬಾ."

ನಾನು ಅವಳ ಪಕ್ಕ ಜಗಲಿಯ ಮೇಲೆ ಕೂತೆ.

"ಮೂವತ್ತೊರ್ಷ ನಮ್ಮಣ್ಣ ಸುಳ್ಳೇಳ್ದ. ಅವ್ನ ಸುಳ್ಳಿಗೆಲ್ಲ ನಾನು ಗೆದ್ದೆ. ನಿನ್ ಒಂದ್ ಸುಳ್ಳಿಗೆ ಸೋತೆ ಕಣಪ್ಪ. ಅವತ್ತು ನಾನು ಕೇಳ್ದೆ, ಇನ್ನೂ ಓಗೇ ಇಲ್ವಲ್ಲ ಅಂತ. ಕೇಳ್ಲಿಲ್ವಾ?"

"ಕೇಳ್ದೆ ಕಣವ್ವ."

"ನೀನೇ ಬರ್ದಿದ್ದು. ನೀನೇ ನಿಜ ಮಾಡು" ಅಂದು ಎದ್ದಳು. ಕಾಫಿ ತಂದ ನನ್ನ ಹೆಂಡತಿಯ ಕೈಯಿಂದ ಲೋಟ ತೆಗೆದುಕೊಂಡು, ನಿಂತೇ ಕುಡಿದು, ಲೋಟ ತೊಳೆದಿಟ್ಟು ಹೋದಳು. ನನಗೆ ಆ ಹೊತ್ತು ಬೋರೇಗೌಡನ ಗುದ್ದಿಗಿಂತ ಹೆಚ್ಚು ನೋವಾಯಿತು.

ಕಟಕಟೆ ಹತ್ತಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಟೀ ಅಂಗಡಿ, ಇಂಕ್ ಪ್ಯಾಡು, ಎಲ್ಲ. ಬೋರೇಗೌಡನ ವಕೀಲ ಕುಣಿದಾಡಿದ: ಹಾಗಾದರೆ ಇವನೇ ಒಪ್ಪಿಕೊಂಡ ಸುಳ್ಳುಗಾರ, ಇವನ ಯಾವ ಮಾತು ನಂಬುತ್ತೀರಿ ಎಂದ. ಮೇಡಂ ಅವನನ್ನು ಕೂರಿಸಿ ನನ್ನ ಕಡೆ ನೋಡಿದರು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು.

"ಇಷ್ಟು ವರ್ಷ ನೀವು ಬರೆದ ಶರಾಗಳನ್ನು ನೋಡಿ ಈ ನ್ಯಾಯಾಲಯ ಎಷ್ಟೋ ಕೇಸು ಮುಗಿಸಿದೆ. ಅದರಲ್ಲಿ ಎಷ್ಟು ಜನಕ್ಕೆ ನಿಜವಾಗಿ ಜಮೀನು ಸಿಕ್ಕಿತ್ತು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದೆ. ಆ ಸಂಜೆಯೇ ನನ್ನನ್ನು ಸಸ್ಪೆಂಡ್ ಮಾಡಿದರು, ಚಿಕ್ಕತಾಯಮ್ಮನಿಗೆ ಹೊಸ ವಾರಂಟು ಕೊಟ್ಟರು.

ನೀರಿನ ಗಲಾಟೆ ತಣ್ಣಗಾಗಿ ಪೋಲೀಸರು ವಾಪಸು ಬರುವಷ್ಟರಲ್ಲಿ ಪುಷ್ಯಮಾಸ. ನನ್ನ ಜಾಗಕ್ಕೆ ನಾಗಮಂಗಲದಿಂದ ಕಳಿಸಿದ್ದ ಅಮೀನ ಸಿದ್ದಪ್ಪ, ಹೊಣಕೆರೆಯವನು, ನನಗಿಂತ ಹಳಬ. "ನಿನ್ ಪುಣ್ಯದಿಂದ ಈ ವಯಸ್ನಲ್ಲಿ ನಾನು ಒಲದಾಗೆ ಕುಂತು ಬರೀಬೇಕು" ಎಂದು ಗೊಣಗಿದ. ನಾನು ಯಾರೂ ಅಲ್ಲದವನಾಗಿ, ಚಿಕ್ಕತಾಯಮ್ಮ ಬಾ ಅಂದಿದ್ದಳೆಂದು, ಅವರ ಹಿಂದೆ ಹೋದೆ.

ನಾವು ಹೋಗುವಷ್ಟರಲ್ಲಿ ಹೊಲ ಉರಿಯುತ್ತಿತ್ತು. ಬೆಳೆಯ ಸಮೇತ ಕೊಡುವುದಿಲ್ಲವೆಂದು ಬೋರೇಗೌಡ ನಿಂತ ಕಬ್ಬಿಗೆ ತಾನೇ ಬೆಂಕಿಯಿಟ್ಟಿದ್ದ. ಒಣಸೋಗೆ ಹತ್ತಿಕೊಂಡು ಜ್ವಾಲೆ ತೆಂಗಿನ ಎತ್ತರಕ್ಕೆ ಹೋಗುತ್ತಿತ್ತು, ಒಳಗಿನ ಜಲ್ಲೆಗಳು ಪಟಪಟ ಸಿಡಿಯುತ್ತಿದ್ದವು. ಒಂದು ವ್ಯಾನಿನಷ್ಟು ಪೋಲೀಸರು ಬದುವಿನ ಮೇಲೆ ಮೂಗಿಗೆ ಕರ್ಚೀಫು ಹಿಡಿದು ನಿಂತರು. "ಬೆಂಕಿ ಆರ್ಲಿ ನೋಡಾನ" ಅಂದರು ಸಾಹೇಬರು. ಊರು ಪೂರ್ತಿ ಬಂದು ಸುತ್ತ ನಿಂತಿತ್ತು. ಮಹಜರಿಗೆ ಸಹಿ ಹಾಕಿ ಅಂದರೆ ಒಬ್ಬರೂ ಮುಂದೆ ಬರಲಿಲ್ಲ. ಕೊನೆಗೆ ಹಾಲಿನ ಡೇರಿಯ ಇಬ್ಬರು ಹೆಂಗಸರು ಬಂದು ಚಿಕ್ಕತಾಯಮ್ಮನ ಪಕ್ಕ ನಿಂತರು.

ಕಾಳಯ್ಯ ಬಂದಿದ್ದ. ಮುರಿದ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಅಪ್ಪನ ಕಾಲದ ಹಳೇ ತಮಟೆಯೊಂದನ್ನು ತಂದು ನನ್ನ ಮುಂದಿಟ್ಟ.

"ಬಡಿಯಾಕೆ ನಂಗಾಗಕಿಲ್ಲ. ನಮ್ ಕೇರಿಯೋರು ಬಡಿಯಾಕಿಲ್ಲ ಅಂತ ತೀರ್ಮಾನ ಮಾಡವ್ರೆ" ಅಂದ. "ನಿಮ್ ಗೌಡ್ರು ಗೌಡ್ರ ಜಗಳಕ್ಕೆ ನಮ್ ಕೈ ಮುರ್ಕಂಡಿದ್ದು ಸಾಕು. ಬೇಕಾದ್ರೆ ನೀವೇ ಬಡೀರಿ."

ತಮಟೆ ಇಲ್ಲದೆ ಸಾರಿದಂತಾಗುವುದಿಲ್ಲ, ಸಾರದೆ ಬಂದರೆ ಆ ವಕೀಲ ಮತ್ತೆ ಎದ್ದು ನಿಲ್ಲುತ್ತಾನೆ. ಸಿದ್ದಪ್ಪ ಆಕಾಶ ನೋಡಿದ. ಪೋಲೀಸರಲ್ಲೂ ಯಾರೂ ಕೈ ಹಾಕಲಿಲ್ಲ. ನಾನು ತಮಟೆ ಎತ್ತಿಕೊಂಡೆ.

"ಮೊದ್ಲು ಕಾಯ್ಸಿ ಸ್ವಾಮಿ" ಅಂದ ಕಾಳಯ್ಯ.

ಉರಿಯುತ್ತಿದ್ದ ಅದೇ ಕಬ್ಬಿನ ಅಂಚಿಗೆ ಹೋಗಿ ಹಿಡಿದೆ. ಮುಂಗೈ ರೋಮ ಸುಟ್ಟುಹೋಯಿತು. ಸೋಗೆಯ ಹೊಗೆ ಹೊಟ್ಟೆಯೊಳಗೆ ಇಳಿಯಿತು. ಚರ್ಮ ಬಿಗಿದ ಮೇಲೆ ಬಡಿದೆ. ತಾಳವೂ ಇಲ್ಲ, ಗೀಳವೂ ಇಲ್ಲ, ಸುಮ್ಮನೆ ಬಡಿದೆ. "ಗೌಡ್ರ ಒಟ್ಟೇಲಿ ಉಟ್ಟಿ ತಮಟೆ ಬಡೀತಾವ್ನೆ ನೋಡ್ರಲಾ" ಎಂದು ಯಾರೋ ಕೂಗಿದ, ಊರು ನಕ್ಕಿತು. ಸಿದ್ದಪ್ಪ ಸಾರಿದ: ಇಂಥ ಸರ್ವೆ ನಂಬರಿನ ಒಂದೂವರೆ ಎಕರೆ ಇಂದಿನಿಂದ ಚಿಕ್ಕತಾಯಮ್ಮನದು. ಬೆಂಕಿ ಇಳಿಯುತ್ತ ಬಂದಂತೆ ಸರ್ವೆಯರ್ ಬಿಸಿಬೂದಿಯಲ್ಲಿ ಕಾಲಿಟ್ಟು ಅಳೆದ. ಒಂದು ಕಲ್ಲು ನೆಟ್ಟರು, ಎರಡು, ಮೂರು. ನಾಲ್ಕನೆಯದು ಗುಡ್ಡೆಯ ಪಕ್ಕಕ್ಕೆ ಬಂತು. ಕಲ್ಲು ವಾಲದಂತೆ ಚಿಕ್ಕತಾಯಮ್ಮ ಮಂಡಿಯೂರಿ ಎಡಗೈಯಲ್ಲಿ ಅದರ ತಲೆ ಹಿಡಿದುಕೊಂಡಳು, ಬಲಗೈಯಲ್ಲಿ ಬುಡಕ್ಕೆ ಮಣ್ಣು ತಳ್ಳುತ್ತಿದ್ದಳು.

ಬೋರೇಗೌಡ ಇಬ್ಬರು ಪೇದೆಗಳ ನಡುವೆ ನುಗ್ಗಿ ಬಂದ. ಪಂಚೆಯ ಮಡಿಕೆಯಲ್ಲಿ ಮಚ್ಚು ಇತ್ತೆಂದು ಯಾರೂ ನೋಡಿರಲಿಲ್ಲ. ಕಲ್ಲಿಗೆ ಬೀಸಿದನೋ ಕೈಗೆ ಬೀಸಿದನೋ, ಇವತ್ತಿಗೂ ಹೇಳಲಾರೆ. ಕಲ್ಲಿನ ಮೇಲೆ ಕಿಡಿ ಹಾರಿತು. ಅವಳ ಹೆಬ್ಬೆಟ್ಟು ಬೂದಿಯಲ್ಲಿ ಬಿತ್ತು.

ರಕ್ತ ಬಿದ್ದ ಮೇಲೆ ಪೋಲೀಸರಿಗೆ ಕಾನೂನು ನೆನಪಾಯಿತು. ಅಪ್ಪನನ್ನೂ ಮಗನನ್ನೂ ಕೆಡವಿಕೊಂಡು ಬಡಿದರು. ಲಾಠಿ ಮುರಿದವು. ಬೋರೇಗೌಡನ ಬಾಯಿಂದ ರಕ್ತ ಬಂತು, ಕೈಮುಗಿದ, ಆಮೇಲೂ ಬಡಿದರು. ನಾನು ತಮಟೆ ನಿಲ್ಲಿಸಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆವತ್ತು ನನಗೆ ಖುಷಿಯಾಯಿತು. ಇನ್ನೂ ಎರಡು ಬೀಳಲಿ ಎಂದು ಬಡಿಯುತ್ತಿದ್ದೆ. ಕಾಳಯ್ಯನೇ ಬಂದು ನನ್ನ ಕೈ ಹಿಡಿದು ನಿಲ್ಲಿಸಿದ.

ಡೇರಿಯ ಹೆಂಗಸರು ಸೆರಗು ಹರಿದು ಅವಳ ಕೈಗೆ ಬಿಗಿದರು. ವ್ಯಾನಿಗೆ ಹತ್ತಿಸಲು ಹೋದರೆ ಚಿಕ್ಕತಾಯಮ್ಮ ಕಲ್ಲು ಬಿಡಲಿಲ್ಲ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಕಲ್ಲು ನಾಕೂ ನೆಟ್ಟಾಯ್ತಾ?" ಅಂದಳು.

"ಆಯ್ತು ಕಣವ್ವ" ಅಂದ ಸಿದ್ದಪ್ಪ.

"ತಮಟೆ?"

"ಆಯ್ತು" ಅಂದೆ ನಾನು.

"ಬರ್ದಾಯ್ತಾ?"

ಸಿದ್ದಪ್ಪ ಮೂರನೇ ಕಲ್ಲಿನ ಮೇಲೆ ಕೂತು ಬರೆದ. ಅವಳು ಅವನು ಬರೆದು ಮುಗಿಸುವ ತನಕ ಕಾದಳು. ಆಮೇಲೆ, "ಆಗ್ಲಿ, ಈಗ ತಕ್ಕ" ಎಂದು ಬಲಗೈ ಚಾಚಿದಳು. ಹಾಳೆಯ ಕೆಳಗೆ ಮೊದಲೇ 'ಎಡಗೈ ಹೆಬ್ಬೆಟ್ಟಿನ ಗುರುತು' ಎಂದು ಅಚ್ಚಾಗಿರುತ್ತದೆ. ಸಿದ್ದಪ್ಪ 'ಎಡ' ಹೊಡೆದು ಹಾಕಿ 'ಬಲ' ಎಂದು ಬರೆದ. ಆ ಫೈಲಿನಲ್ಲಿ ಇವತ್ತಿಗೂ ಎರಡು ಹೆಬ್ಬೆಟ್ಟಿವೆ, ಎಡಗೈಯದು ಸುಳ್ಳು ಹಾಳೆಯ ಮೇಲೆ, ಬಲಗೈಯದು ನಿಜದ ಹಾಳೆಯ ಮೇಲೆ.

ನನ್ನ ಮೇಲಿನ ವಿಚಾರಣೆ ಮುಗಿದು ಒಂದು ಮೆಟ್ಟಿಲು ಕೆಳಗಿಳಿಸಿದರು. ನೋಟೀಸು ಹಂಚುತ್ತ ರಿಟೈರಾದೆ. ಅದಕ್ಕೆ ಬೇಜಾರಿಲ್ಲ. ಮಾಡಿದ್ದುಣ್ಣೋ ಮಹರಾಯ.

ಕಳೆದ ತಿಂಗಳು ನಾನೂ ಹೆಂಡತಿಯೂ ಹೋದಾಗ ಉರಿಯುತ್ತಿದ್ದದ್ದು ಚಿಕ್ಕತಾಯಮ್ಮನ ಹೊಲವೇ. ಕಬ್ಬು ಕಡಿದು ಸಾಗಿಸಿ, ಉಳಿದ ಸೋಗೆಗೆ ತಾನೇ ಬೆಂಕಿ ಹಚ್ಚಿ, ಕೈಯಲ್ಲಿ ಹಸಿಕೊಂಬೆ ಹಿಡಿದು ಕಾಯುತ್ತಿದ್ದಳು. ಬೆನ್ನು ಬಾಗಿದೆ. ಪಕ್ಕದ ಭಾಗದಲ್ಲಿ ಬೋರೇಗೌಡ ಕುಂಟಿಕೊಂಡು ಎಮ್ಮೆ ಕಟ್ಟುತ್ತಿದ್ದ. ಜೈಲು ಮುಗಿಸಿ ಬಂದಿದ್ದಾನೆ. ಇಬ್ಬರಿಗೂ ಮಾತಿಲ್ಲ, ನಡುವೆ ಕಲ್ಲಿದೆ. ನಾಲ್ಕನೇ ಕಲ್ಲಿನ ತಲೆಯ ಮೇಲೆ ಮಚ್ಚಿನ ಗೀರು ಹಾಗೇ ಇತ್ತು. ಗುಡ್ಡೆಗೆ ಸುಣ್ಣ ಬಳಿದಿದ್ದಳು.

"ಅಲ್ಲು ಕಟ್ಟುಸ್ಕಂ ಓಗಪ್ಪ, ನೋಡಾಕಾಗಕಿಲ್ಲ" ಅಂದಳು ನನ್ನನ್ನು ನೋಡಿ. ಹೆಂಡತಿ ನಕ್ಕಳು. ಮಾತಿನ ನಡುವೆ ಚಿಕ್ಕತಾಯಮ್ಮ ಇದ್ದಕ್ಕಿದ್ದಂತೆ ಕೇಳಿದಳು:

"ಅಲ್ಲ ಅಮೀನಪ್ಪ, ಆ ದಿಲ್ಲಿಯೋರಿಗೆ ಗೊತ್ತಾ, ನಂಗೆ ಇದು ಸಿಕ್ತು ಅಂತ?"

ಯೋಚನೆ ಮಾಡಿದೆ. ಶರಾ ತಾಲ್ಲೂಕು ಕೋರ್ಟಿನ ಫೈಲಿಗೆ ಸೇರುತ್ತದೆ, ಫೈಲು ರೆಕಾರ್ಡ್ ರೂಮಿಗೆ ಹೋಗುತ್ತದೆ. ಅಲ್ಲಿಂದ ಮೇಲಕ್ಕೆ ಏನೂ ಹೋಗುವುದಿಲ್ಲ.

"ಇಲ್ಲ ಕಣವ್ವ. ಅವ್ರಿಗೆ ಯಾರೂ ಏಳಿರಕಿಲ್ಲ."

"ಪಾಪ" ಅಂದಳು. "ಏಳ್ಬುಡು. ಕೊಟ್ಟೋರಿಗೆ ಗೊತ್ತಾಗ್ಬೇಕು."

ಯಾರಿಗೆ ಹೇಳಬೇಕೋ, ಯಾವ ವಿಳಾಸಕ್ಕೆ ಹಾಕಬೇಕೋ ನನಗೆ ತಿಳಿಯದು. ಆದ್ದರಿಂದ ಇಲ್ಲಿ ಬರೆದಿದ್ದೇನೆ. ಒಂದೂವರೆ ಎಕರೆ, ನಾಲ್ಕು ಕಲ್ಲು, ಮೂಡಲಿಗೆ ಒಂದು ಗುಡ್ಡೆ. ಡಿಕ್ರಿದಾರಳು ಸ್ವಾಧೀನದಲ್ಲಿರುತ್ತಾಳೆ. ಹೋಗಿ ನೋಡಿ ಬಂದ ಮೇಲೆ ಬರೆದದ್ದು.